ನೆರೆಗಿಡವನ್ನು ತಡೆಯುವ ಗಿಡಗಳು: ನಂಬಿಕೆ ಎಷ್ಟು, ಪುರಾವೆ ಎಷ್ಟು

ಹುಣಸೆ ಮರದ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಜೋಳ ಕೊಯ್ದ ಹೊಲದಲ್ಲಿ ಮುಂದಿನ ಬೆಳೆ ಸೊರಗುತ್ತದೆ. ನೀಲಗಿರಿ ತೋಪಿಗೆ ಅಂಟಿಕೊಂಡ ಸಾಲುಗಳಲ್ಲಿ ರಾಗಿ ತೆನೆ ಸಣ್ಣದಾಗುತ್ತದೆ. ನಮ್ಮ ರೈತರ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತುಗಳಿವು, ಕಣ್ಣಾರೆ ಕಂಡು ಆಡಿದ ಮಾತುಗಳು. ಕಂಡದ್ದರ ಬಗ್ಗೆ ತಕರಾರಿಲ್ಲ, ತಕರಾರಿರುವುದು ಕಾರಣದ ಬಗ್ಗೆ. ಮರದಡಿ ಹುಲ್ಲು ಒಣಗಲು ನೆರಳು ಸಾಕು. ಮರದ ಬೇರು ನೀರು ಹೀರಿಕೊಂಡರೂ ಸಾಕು, ಮಣ್ಣಿನಲ್ಲಿ ಸಾರಜನಕ ಕಡಿಮೆಯಾದರೂ ಸಾಕು. ಇವೆಲ್ಲವನ್ನೂ ದಾಟಿ, ಗಿಡವೊಂದು ತಾನೇ ಹೊರಬಿಟ್ಟ ರಾಸಾಯನಿಕದಿಂದ ಪಕ್ಕದ ಗಿಡದ ಮೊಳಕೆಯನ್ನು ತಡೆಯುತ್ತದೆ, ಬೇರನ್ನು ಕುಗ್ಗಿಸುತ್ತದೆ ಎನ್ನಬೇಕಾದರೆ ಏನು ಆಧಾರ ಬೇಕು? ಅಲ್ಲೆಲೋಪತಿ ಎಂಬ ಹೆಸರಿನ ಈ ಅಧ್ಯಯನ ನೂರು ವರ್ಷದಿಂದ ಗುದ್ದಾಡುತ್ತಿರುವುದು ಈ ಒಂದೇ ಪ್ರಶ್ನೆಯೊಂದಿಗೆ. ಗಿಡಗಳ ನಡುವೆ ಇಂಥ ವ್ಯವಹಾರ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬರಡು ನೆಲ ಕಂಡಲ್ಲೆಲ್ಲ ವಿಷವನ್ನು ಕಾಣುವ ಆತುರವೇ ಈ ವಿದ್ಯೆಗೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದೆ.

ಗ್ರೀಸಿನ ಥಿಯೋಫ್ರಾಸ್ಟಸ್ ಕ್ರಿಸ್ತಪೂರ್ವದಲ್ಲೇ ಕಡಲೆ ಬೆಳೆಯ ಬಗ್ಗೆ ಒಂದು ಮಾತು ಬರೆದಿಟ್ಟಿದ್ದಾನೆ. ಕಡಲೆ ನೆಲವನ್ನು ಸೊರಗಿಸುತ್ತದೆ, ಕಳೆಗಳನ್ನು ಹಾಳುಮಾಡುತ್ತದೆ, ಅದರಲ್ಲೂ ನೆಗ್ಗಿಲನ್ನು ಬೇಗ ಅಳಿಸುತ್ತದೆ ಎಂದು. ಎರೆಭೂಮಿಯಲ್ಲಿ ಕಡಲೆ ಬಿತ್ತಿ ನೆಗ್ಗಿಲು ಮುಳ್ಳು ತುಳಿದವರಿಗೆ ಎರಡೂ ಗುರುತಿನವೇ. ರೋಮಿನ ಪ್ಲಿನಿ ಆಕ್ರೋಟು ಮರದ ನೆರಳು ಕೆಟ್ಟದ್ದೆಂದ. ಕಡಲೆ, ಜವೆಗೋಧಿ, ಮೆಂತ್ಯ ಇವು ನೆಲವನ್ನು ಸುಡುತ್ತವೆ ಎಂದೂ ಬರೆದ. 1832ರಲ್ಲಿ ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟ. ಬೇರುಗಳು ಮಣ್ಣಿಗೆ ಏನನ್ನೋ ವಿಸರ್ಜಿಸುತ್ತವೆ, ಒಂದೇ ಬೆಳೆಯನ್ನು ಮತ್ತೆ ಮತ್ತೆ ಹಾಕಿದರೆ ನೆಲಕ್ಕೆ ಕಾಯಿಲೆ ಬರುವುದು ಇದರಿಂದಲೇ, ಆದ್ದರಿಂದಲೇ ಬೆಳೆ ಬದಲಿಸಬೇಕು ಎಂಬುದು ಅವನ ವಾದ. 1840ರ ನಂತರ ಖನಿಜ ಪೋಷಕಾಂಶಗಳ ಲೆಕ್ಕಾಚಾರವೇ ಕೃಷಿ ರಸಾಯನವನ್ನೆಲ್ಲ ಆಳತೊಡಗಿದಾಗ ಈ ವಿಚಾರ ಮೂಲೆ ಸೇರಿತು.

ಅದನ್ನು ಮರಳಿ ಮುಂದಕ್ಕೆ ತಂದವರಲ್ಲಿ ಮುಖ್ಯನಾದವನು ವಿಯೆನ್ನಾದ ಹಾನ್ಸ್ ಮೋಲಿಷ್. 1920ರ ದಶಕದ ಕೊನೆಯಲ್ಲಿ ಕಲ್ಕತ್ತದ ಬೋಸ್ ಸಂಸ್ಥೆಯಲ್ಲೂ ಕೆಲಕಾಲ ಕೆಲಸ ಮಾಡಿದ್ದ ಈತ 1937ರ ತನ್ನ ಪುಸ್ತಕದಲ್ಲಿ ಈ ಅಧ್ಯಯನಕ್ಕೆ ಈಗಿರುವ ಹೆಸರು ಕೊಟ್ಟ. ಅವನು ಹೆಚ್ಚಾಗಿ ನೋಡಿದ್ದು ಸೇಬುಹಣ್ಣನ್ನು. ಮುಚ್ಚಿದ ಗಾಜಿನೊಳಗೆ ಹಣ್ಣಿನ ಪಕ್ಕ ಇಟ್ಟ ಸಸಿಗಳು ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಕುಗ್ಗುತ್ತಿದ್ದವು. ಬಾಳೆಗೊನೆ ಹಣ್ಣಾಗಿಸುವ ಅನಿಲವೂ ಇದೇ. ಇದು ಮುಂದೆ ಇನ್ನೊಂದು ಕಥೆಯಲ್ಲಿ ಬರುತ್ತದೆ.

ಆಕ್ರೋಟಿನ ಕಥೆಗೆ ರಸಾಯನದ ಆಧಾರ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿನ ಕಪ್ಪು ಆಕ್ರೋಟಿನ ಬೇರು ಹರಡಿದಷ್ಟು ದೂರ ಟೊಮೆಟೊ, ಕುದುರೆಮೆಂತ್ಯ ಬಾಡುವುದನ್ನು 1925ರಲ್ಲಿ ದಾಖಲಿಸಿದರು. 1928ರಲ್ಲಿ ಆ ಮರದ ಜುಗ್ಲೋನ್ ಎಂಬ ವಸ್ತುವನ್ನು ಗಿಡಗಳಿಗೆ ಚುಚ್ಚಿ ಅವು ಬಾಡುವುದನ್ನು ತೋರಿಸಿದರು. ಮರದೊಳಗೆ ಅದು ನಿರುಪದ್ರವಿ ರೂಪದಲ್ಲಿರುತ್ತದೆ, ಗಾಳಿಗೆ ತೆರೆದುಕೊಂಡಾಗ ಆಮ್ಲಜನಕ ಸೇರಿ ಜುಗ್ಲೋನ್ ಆಗುತ್ತದೆ. ಪಠ್ಯಪುಸ್ತಕಗಳು ಇವತ್ತಿಗೂ ಮೊದಲು ಕೊಡುವ ಉದಾಹರಣೆ ಇದು. ಆದರೆ ವಸ್ತುವನ್ನು ಗಿಡದೊಳಕ್ಕೆ ಚುಚ್ಚುವುದು ಬೇರೆ, ಹೊಲದ ಮಣ್ಣಿನಲ್ಲಿ ಅದು ಸಾಕಷ್ಟು ಪ್ರಮಾಣದಲ್ಲಿ ಉಳಿದು ಪಕ್ಕದ ಗಿಡವನ್ನು ಮುಟ್ಟುವುದು ಬೇರೆ. ಈ ಅಂತರವನ್ನು ಆಗ ಯಾರೂ ಅಷ್ಟಾಗಿ ಅಳೆಯಲಿಲ್ಲ.

ಆ ಅಂತರ ಎಷ್ಟು ದೊಡ್ಡದೆಂದು ಎಲ್ಲರಿಗೂ ಗೊತ್ತಾದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಸುತ್ತಲಿನ ಗುಡ್ಡಗಳಲ್ಲಿ. ಅಲ್ಲಿ ಸಾಲ್ವಿಯಾ ಜಾತಿಯ ಘಮಘಮಿಸುವ ಪೊದೆಗಳು ಹುಲ್ಲುಗಾವಲಿನ ನಡುವೆ ಗುಂಪುಗುಂಪಾಗಿ ಬೆಳೆಯುತ್ತವೆ. ಪ್ರತಿ ಗುಂಪಿನ ಸುತ್ತ ಒಂದೆರಡು ಮೀಟರ್ ಅಗಲದ ಬೋಳು ಪಟ್ಟಿ, ಅದರಾಚೆ ಸ್ವಲ್ಪ ದೂರ ಕುರುಚಲು ಹುಲ್ಲು, ಆಮೇಲೆ ಎಂದಿನ ಹುಲ್ಲುಗಾವಲು. ವಿಮಾನದಿಂದ ತೆಗೆದ ಚಿತ್ರಗಳಲ್ಲೂ ಈ ಪಟ್ಟಿಗಳು ಎದ್ದು ಕಾಣುತ್ತಿದ್ದವು. ಕಾರ್ನೀಲಿಯಸ್ ಮುಲ್ಲರ್ ಮತ್ತು ಸಂಗಡಿಗರು 1964ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಣೆ ಕೊಟ್ಟರು. ಎಲೆಗಳಿಂದ ಆವಿಯಾಗುವ ಕರ್ಪೂರ, ಸಿನಿಯೋಲ್‌ನಂಥ ವಸ್ತುಗಳು ಒಣಮಣ್ಣಿಗೆ ಅಂಟಿಕೊಂಡು, ಮಳೆ ಬಿದ್ದಾಗ ಹುಲ್ಲಿನ ಬೀಜ ಮೊಳೆಯದಂತೆ ತಡೆಯುತ್ತವೆ ಎಂದರು. ವಿವರಣೆ ಸೊಗಸಾಗಿತ್ತು. ಪೊದೆಯ ಸುತ್ತಲ ಗಾಳಿಯಲ್ಲಿ ಆ ವಸ್ತುಗಳು ಸಿಕ್ಕವು, ಪ್ರಯೋಗಾಲಯದಲ್ಲಿ ಅವು ಮೊಳಕೆ ತಡೆದವು. ಕ್ಯಾಲಿಫೋರ್ನಿಯಾದ ಗುಡ್ಡ ಜಗತ್ತಿನ ಪಠ್ಯಗಳಿಗೆ ಹೋಯಿತು.

ಆರು ವರ್ಷದ ನಂತರ ಅದೇ ಪತ್ರಿಕೆಯಲ್ಲಿ ಬಾರ್ಥೊಲೊಮ್ಯೂ ಎಂಬ ಸಂಶೋಧಕರು ಬೋಳು ಪಟ್ಟಿಯ ಮೇಲೆ ತಂತಿಬಲೆಯ ಪಂಜರ ಇಟ್ಟು ಏನಾಯಿತೆಂದು ಬರೆದರು. ಇಲಿ, ಮೊಲ, ಹಕ್ಕಿ ಒಳಬರದಂತೆ ತಡೆದ ಜಾಗದಲ್ಲಿ, ಪೊದೆಗೆ ಅಷ್ಟೇ ಹತ್ತಿರದಲ್ಲಿ, ಹುಲ್ಲು ಎದ್ದಿತ್ತು. ಪೊದೆಯೊಳಗೆ ಅವಿತುಕೊಳ್ಳುವ ಸಣ್ಣ ಪ್ರಾಣಿಗಳು ಹದ್ದು ಗೂಬೆಗಳ ಭಯಕ್ಕೆ ಹೆಚ್ಚು ದೂರ ಹೋಗದೆ, ಪೊದೆಯ ಅಂಚಿನಲ್ಲೇ ಬೀಜ, ಎಳೆ ಹುಲ್ಲು ಮೇಯುತ್ತಿದ್ದವು. ಪಟ್ಟಿ ಒಂದೆರಡು ಮೀಟರಿಗೆ ನಿಲ್ಲುವುದಕ್ಕೆ ಅದೇ ಕಾರಣ. ಎರಡೂ ಕಾರಣ ಒಟ್ಟಿಗೆ ಕೆಲಸ ಮಾಡಿರಬಹುದು ಎಂಬ ವಾದ ಆಮೇಲೂ ಮುಂದುವರಿಯಿತು. ಆದರೆ ಒಂದು ತುಂಡು ತಂತಿಬಲೆ ಒಂದಿಡೀ ವಿಜ್ಞಾನದ ಮೇಲಿನ ನಂಬಿಕೆಯನ್ನು ಅಲುಗಾಡಿಸಿತ್ತು. ಒಕ್ಲಹೋಮಾದ ಎಲ್ರಾಯ್ ರೈಸ್ 1974ರಲ್ಲಿ ಈ ವಿಷಯದ ದೊಡ್ಡ ಪುಸ್ತಕ ತಂದಾಗ ಬ್ರಿಟನ್ನಿನ ಜಾನ್ ಹಾರ್ಪರ್‌ರಂಥ ಪರಿಸರ ವಿಜ್ಞಾನಿಗಳು ಅದನ್ನು ಅನುಮಾನದಿಂದಲೇ ಸ್ವಾಗತಿಸಿದರು.

ಅವರ ಅನುಮಾನಕ್ಕೆ ಇನ್ನೊಂದು ಬಲವಾದ ಕಾರಣವಿತ್ತು, ಅದು ನಮ್ಮ ದೇಶದ ಸಂಶೋಧನೆಗೂ ನೇರವಾಗಿ ತಟ್ಟುವಂಥದ್ದು. ಎಲೆಗಳನ್ನು ಅರೆದು ನೀರಿನಲ್ಲಿ ನೆನೆಸಿ, ಸೋಸಿ, ಆ ಕಷಾಯವನ್ನು ಪೆಟ್ರಿ ತಟ್ಟೆಯ ಫಿಲ್ಟರ್ ಪೇಪರಿನ ಮೇಲೆ ಸುರಿದು, ಮೂಲಂಗಿಯನ್ನೋ ಹೆಸರುಕಾಳನ್ನೋ ಇಟ್ಟು, ಎಷ್ಟು ಮೊಳೆತವು, ಬೇರು ಎಷ್ಟು ಉದ್ದ ಬಂತು ಎಂದು ಅಳೆಯುವುದು ಈ ಕ್ಷೇತ್ರದ ಅತಿ ಸುಲಭದ ಪ್ರಯೋಗ. ಇಂಥ ಪ್ರಬಂಧಗಳು ಲೆಕ್ಕವಿಲ್ಲದಷ್ಟು ಬಂದಿವೆ. ಆದರೆ ಗಟ್ಟಿ ಕಷಾಯ ಮಾಡಿದರೆ ಯಾವ ಎಲೆಯಾದರೂ ಮೊಳಕೆ ತಡೆಯುತ್ತದೆ. ಅದರಲ್ಲಿನ ಲವಣ, ಸಕ್ಕರೆಗಳೇ ಬೀಜಕ್ಕೆ ನೀರು ಸಿಗದಂತೆ ಮಾಡಬಲ್ಲವು, ಕಷಾಯದಲ್ಲಿ ಬೆಳೆಯುವ ಬೂಷ್ಟು ಮೊಳಕೆಯನ್ನು ಕೊಳೆಸಬಲ್ಲದು. ಯಾವ ಗಿಡವೂ ತನ್ನನ್ನು ತಾನೇ ಅರೆದು ಪಕ್ಕದ ಗಿಡದ ಮೇಲೆ ಸುರಿಯುವುದಿಲ್ಲ. ಮಳೆಹನಿ ಎಲೆಯಿಂದ ತೊಳೆದು ತರುವುದು, ಉದುರಿದ ಎಲೆ ಕೊಳೆತು ಬಿಡುವುದು, ಬೇರು ಒಸರುವುದು, ಎಲೆ ಗಾಳಿಗೆ ಬಿಡುವುದು, ಅಳೆಯಬೇಕಾದದ್ದು ಇಷ್ಟನ್ನೇ. ಇವು ಮಣ್ಣಿನಲ್ಲಿ ಕೆಲವೇ ದಿನ, ಕೆಲವೊಮ್ಮೆ ಕೆಲವೇ ಗಂಟೆ ಉಳಿಯುತ್ತವೆ. ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ತಟ್ಟೆಯ ಪ್ರಯೋಗವನ್ನು ಸುಳಿವಾಗಿ ಒಪ್ಪಬಹುದು, ತೀರ್ಪಾಗಿ ಒಪ್ಪಲಾಗದು.

ಮಣ್ಣಿಗೆ ಸಕ್ರಿಯ ಇದ್ದಿಲು ಬೆರೆಸಿ ನೋಡುವುದು ಇನ್ನೊಂದು ಜನಪ್ರಿಯ ದಾರಿ. ಇದ್ದಿಲು ವಿಷವನ್ನು ಹೀರಿಕೊಂಡರೆ ಪಕ್ಕದ ಗಿಡ ಚೇತರಿಸಿಕೊಳ್ಳಬೇಕು ಎಂಬ ತರ್ಕ. 2000ದಲ್ಲಿ ರೇಗನ್ ಕ್ಯಾಲವೇ ಮತ್ತು ಜೊತೆಗಾರರು ಯುರೇಷಿಯಾದಿಂದ ಅಮೆರಿಕಕ್ಕೆ ಬಂದ ಸೆಂಟೋರಿಯಾ ಕಳೆಯ ಮೇಲೆ ಹೀಗೆ ಪ್ರಯೋಗ ಮಾಡಿದರು. ಹೊಸ ನಾಡಿನ ಹುಲ್ಲುಗಳಿಗೆ ಪರಿಚಯವಿಲ್ಲದ ರಾಸಾಯನಿಕವೇ ವಲಸೆ ಕಳೆಯ ಆಯುಧ ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು. ಆದರೆ ಇದ್ದಿಲು ತಾನೇ ಮಣ್ಣಿನ ಪೋಷಕಾಂಶವನ್ನೂ ಗಿಡದ ಬೆಳವಣಿಗೆಯನ್ನೂ ಬದಲಿಸುತ್ತದೆ ಎಂದು 2008ರಲ್ಲಿ ತಿಳಿಯಿತು. ಅದೇ ಸೆಂಟೋರಿಯಾ ಕುಲದ ಇನ್ನೊಂದು ಕಳೆಯ ಬೇರಿನಿಂದ ಕ್ಯಾಟೆಚಿನ್ ಎಂಬ ವಿಷ ಒಸರುತ್ತದೆ ಎಂದು 2003ರಲ್ಲಿ ಭಾರಿ ಸುದ್ದಿಯಾದದ್ದೂ, ಆಮೇಲೆ ಬೇರೆ ಪ್ರಯೋಗಾಲಯಗಳು ಹೊಲದ ಮಣ್ಣಿನಲ್ಲಿ ಅಷ್ಟು ಪ್ರಮಾಣ ಕಾಣದೆ ಹೋದದ್ದೂ ಇದೇ ಕಾಲದ ಪಾಠ.

ಇಷ್ಟೆಲ್ಲ ಏಟು ತಿಂದ ಮೇಲೆ ಗಟ್ಟಿ ಪುರಾವೆ ಸಿಕ್ಕಿದ್ದು ಭತ್ತದಲ್ಲಿ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಸ್ಟಟ್‌ಗಾರ್ಟ್ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದಲ್ಲಿ ಡಿಲ್‌ಡೇ ಅವರು ಸಾವಿರಾರು ಭತ್ತದ ತಳಿಗಳನ್ನು ಬೆಳೆಸಿ ನೋಡುವಾಗ ಕೆಲವು ತಳಿಗಳ ಸುತ್ತ ಗದ್ದೆಯ ನೀರುಕಳೆ ಏಳುತ್ತಿರಲಿಲ್ಲ. ಜಪಾನಿನವರು 1973ರಲ್ಲೇ ಭತ್ತದ ಹೊಟ್ಟಿನಿಂದ ಮೊಮಿಲ್ಯಾಕ್ಟೋನ್ ಎಂಬ ವಸ್ತುಗಳನ್ನು ಬೇರ್ಪಡಿಸಿದ್ದರು. ಭತ್ತದ ಬೇರು ಇದನ್ನು ಹೊರಬಿಡುತ್ತದೆ ಎಂಬುದನ್ನು ಹಿಸಾಶಿ ಕಾತೊ-ನೊಗುಚಿ ತೋರಿಸಿದರು. 2012ರಲ್ಲಿ ಇನ್ನೊಂದು ತಂಡ ಈ ವಸ್ತುವನ್ನು ತಯಾರಿಸುವ ವಂಶವಾಹಿಗಳನ್ನೇ ಕೆಡಿಸಿದ ಭತ್ತದ ಗಿಡಗಳನ್ನು ಬೆಳೆಸಿತು. ಉಳಿದೆಲ್ಲ ರೀತಿಯಲ್ಲೂ ಅದೇ ಭತ್ತ. ಆದರೆ ಪಕ್ಕದ ಕಳೆಹುಲ್ಲನ್ನು ತಡೆಯುವ ಶಕ್ತಿ ಗಣನೀಯವಾಗಿ ಕುಗ್ಗಿತ್ತು. ನೆರಳು, ನೀರು, ಗೊಬ್ಬರ ಎಲ್ಲ ಒಂದೇ ಇರುವಾಗ ಒಂದು ವಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವ ಈ ದಾರಿ, ಹಿಂದಿನ ಎಷ್ಟೋ ದಶಕಗಳ ಕಷಾಯಗಳಿಗಿಂತ ಹೆಚ್ಚು ಹೇಳಿತು. ಚೀನಾದಲ್ಲಿ ಕಳೆ ತಡೆಯುವ ಗುಣವನ್ನೇ ಹುಡುಕಿ ಬೆಳೆಸಿದ ‘ಹುವಾಗಾನ್-3’ ಎಂಬ ಭತ್ತದ ತಳಿಯೂ ಬಂದಿದೆ.

ನಮ್ಮ ಜೋಳದ ಬೇರನ್ನು ಹತ್ತಿರದಿಂದ ನೋಡಿದರೆ ಈ ರಸಾಯನ ಕಣ್ಣಿಗೇ ಕಾಣುತ್ತದೆ. ಒದ್ದೆ ಕಾಗದದ ಮೇಲೆ ಮೊಳೆಸಿದ ಜೋಳದ ಸಸಿಯ ಬೇರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಬೇರುಕೂದಲುಗಳ ತುದಿಯಲ್ಲಿ ಹೊಂಬಣ್ಣದ ಎಣ್ಣೆಯಂಥ ಹನಿಗಳು ನಿಂತಿರುತ್ತವೆ. 1986ರಲ್ಲಿ ನೆಟ್ಜ್ಲಿ ಮತ್ತು ಬಟ್ಲರ್ ಈ ಹನಿಯ ಮುಖ್ಯ ವಸ್ತುವನ್ನು ಗುರುತಿಸಿದರು, ಅದರ ಹೆಸರು ಸೋರ್ಗೊಲಿಯೋನ್. ಸಣ್ಣ ಕಳೆಸಸಿಗಳು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಕೆಲಸವನ್ನೇ ಇದು ನಿಲ್ಲಿಸಬಲ್ಲದು. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಜ್ಞಾನಿಗಳು ಬಲಿತ ಜೋಳದ ದಂಟನ್ನು ನೀರಿನಲ್ಲಿ ನೆನೆಸಿ ಆ ನೀರನ್ನು ಗೋಧಿ ಹೊಲಕ್ಕೆ ಸಿಂಪಡಿಸಿ, ಕಳೆನಾಶಕದ ಪ್ರಮಾಣ ತಗ್ಗಿಸುವ ಪ್ರಯೋಗಗಳನ್ನು ಬಹುಕಾಲ ಮಾಡಿದ್ದಾರೆ.

ಹಾಗಾದರೆ ಜೋಳದ ನಂತರ ಬೆಳೆ ಸೊರಗುವುದಕ್ಕೆ ಈ ಹನಿಯೇ ಕಾರಣವೇ? ಒಂದು ಪಾಲು ಇರಬಹುದು. ಆದರೆ ಜೋಳದ ಕೂಳೆ, ಬೇರುಗಡ್ಡೆ ಒರಟು ನಾರು, ಅದರಲ್ಲಿ ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಮಗೆ ಎಳೆದುಕೊಳ್ಳುತ್ತವೆ, ಹೊಸ ಬೆಳೆ ಹಳದಿ ತಿರುಗುತ್ತದೆ. ಜೋಳದ ನಂತರ ಕಡಲೆಯಂಥ ದ್ವಿದಳ ಧಾನ್ಯ ಹಾಕುವ ಪದ್ಧತಿ ಈ ಸಾರಜನಕದ ತೊಂದರೆಗೆ ಹೊಂದುತ್ತದೆ.

ಮಣ್ಣಿನ ಸೂಕ್ಷ್ಮಜೀವಿಗಳು ಈ ಕಥೆಯಲ್ಲಿ ಬರಿಯ ಕಸಗುಡಿಸುವವರಲ್ಲ. ಗೋಧಿ, ಮೆಕ್ಕೆಜೋಳ, ರೈ ಬೆಳೆಗಳ ಬೇರು ಬಿಡುವ ಬೆಂಜಾಕ್ಸಾಜಿನಾಯ್ಡ್ ಎಂಬ ವಸ್ತುಗಳನ್ನು ಅವು ಇನ್ನೊಂದು ರೂಪಕ್ಕೆ ಪರಿವರ್ತಿಸುತ್ತವೆ. ಆ ಹೊಸ ರೂಪ ಪಕ್ಕದ ಗಿಡದ ಜೀವಕೋಶದಲ್ಲಿ ವಂಶವಾಹಿಗಳ ನಿಯಂತ್ರಣಕ್ಕೇ ಕೈಹಾಕುತ್ತದೆಂದು 2015ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ವಿಷದ ಕೊನೆಯ ಹಂತದ ತಯಾರಿ ಮಣ್ಣಿನಲ್ಲೇ ನಡೆಯುತ್ತದೆ ಎಂದಾಯಿತು. ಇನ್ನು ಕೆಲವೆಡೆ ಏಟು ಬೀಳುವುದು ಗಿಡದ ಮೇಲಲ್ಲ, ಅದರ ಬೇರಿನ ಗೆಳೆಯರಾದ ಶಿಲೀಂಧ್ರಗಳ ಮೇಲೆ. ಯುರೋಪಿನಿಂದ ಉತ್ತರ ಅಮೆರಿಕದ ಕಾಡಿಗೆ ನುಗ್ಗಿದ, ಬೆಳ್ಳುಳ್ಳಿ ವಾಸನೆಯ ಒಂದು ಸಾಸಿವೆ ಜಾತಿಯ ಕಳೆ ಹಾಗೆ ಮಾಡುತ್ತದೆ. ಅದು ಮಣ್ಣಿನ ಮೈಕೋರೈಜಾ ಶಿಲೀಂಧ್ರಗಳನ್ನು ಕೆಡಿಸುತ್ತದೆ, ಅವನ್ನು ನೆಚ್ಚಿಕೊಂಡ ಮರದ ಸಸಿಗಳು ತಾವಾಗಿಯೇ ಕುಗ್ಗುತ್ತವೆ. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಪ್ರಶ್ನೆಯ ಸ್ವರೂಪವೇ ಬದಲಾಯಿತು.

ಕರ್ನಾಟಕದ ಕೊಡುಗೆಯ ಮಾತು ಬಂದರೆ ಪಾರ್ಥೇನಿಯಂ ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಂಗ್ರೆಸ್ ಕಸ ಎಂದು ಹಳ್ಳಿಹಳ್ಳಿಗೂ ಗೊತ್ತಿರುವ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಂಡು, ಕೆಲವೇ ವರ್ಷಗಳಲ್ಲಿ ನಮ್ಮ ಹೊಲದ ಬದು, ರಸ್ತೆಬದಿ, ಖಾಲಿ ನಿವೇಶನಗಳನ್ನೆಲ್ಲ ಹಿಡಿಯಿತು. ಇದರ ಪಾರ್ಥೆನಿನ್ ಎಂಬ ವಸ್ತು ಮನುಷ್ಯರ ಚರ್ಮಕ್ಕೂ ಗಿಡಗಳಿಗೂ ಕೇಡು. ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ 1979–80ರ ಹೊತ್ತಿಗೆ ಈ ಗಿಡದ ಬೇರು, ಎಲೆ, ಕಸಕಡ್ಡಿಗಳ ಪರಿಣಾಮವನ್ನು ಸಾಲುಸಾಲಾಗಿ ಪರೀಕ್ಷಿಸಿ ಪ್ರಕಟಿಸಿದರು. ಅವರ ಕೆಲಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಪರಾಗದ ಶೋಧ. ಪಾರ್ಥೇನಿಯಂನ ಪರಾಗ ಗುಂಪುಗುಂಪಾಗಿ ಗಾಳಿಯಲ್ಲಿ ಹಾರಿ ಬೇರೆ ಗಿಡಗಳ ಎಲೆಯ ಮೇಲೂ ಹೂವಿನ ಶಲಾಕಾಗ್ರದ ಮೇಲೂ ಕೂರುತ್ತದೆ. ಎಲೆಯ ಮೇಲೆ ಬಿದ್ದರೆ ಹಸಿರು ಕುಗ್ಗುತ್ತದೆ, ಶಲಾಕಾಗ್ರದ ಮೇಲೆ ಬಿದ್ದರೆ ಟೊಮೆಟೊ, ಬದನೆಯಂಥ ಬೆಳೆಗಳಲ್ಲಿ ಕಾಯಿ ಕಟ್ಟುವುದಕ್ಕೇ ಅಡ್ಡಿ. ಗಿಡದ ರಸಾಯನ ಮಣ್ಣಿನ ದಾರಿ ಬಿಟ್ಟು ಪರಾಗದ ಮೇಲೆ ಸವಾರಿ ಮಾಡಿಬರುವುದನ್ನು ಜಗತ್ತಿಗೆ ಮೊದಲು ತಿಳಿಸಿದವರಲ್ಲಿ ಇವರು ಸೇರುತ್ತಾರೆ. ನಮ್ಮ ಶಾಲೆಯ ವಿಜ್ಞಾನ ಪಾಠದಲ್ಲಿ ಇರಬೇಕಾದ ಕೆಲಸ ಇದು.

ಅದೇ ರಸಾಯನವನ್ನು ಪಾರ್ಥೇನಿಯಂ ಮೇಲೇ ತಿರುಗಿಸುವ ಯತ್ನವೂ ನಮ್ಮಲ್ಲೇ ನಡೆಯಿತು. ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದ ಎಂ. ಮಹದೇವಪ್ಪ ಮತ್ತು ಜೊತೆಗಾರರು, ತಗಚೆಯ ಸಂಬಂಧಿಯಾದ ಕ್ಯಾಸಿಯಾ ಸೆರಿಸಿಯಾ ಬೆಳೆದೆಡೆ ಪಾರ್ಥೇನಿಯಂ ಹಿಂದೆ ಸರಿಯುವುದನ್ನು ಗಮನಿಸಿ, ಅದರ ಬೀಜ ಎರಚುವ ಪದ್ಧತಿಯನ್ನು ಪ್ರಚಾರ ಮಾಡಿದರು. ಅದರ ಎಲೆತೊಳೆದ ನೀರು ಪಾರ್ಥೇನಿಯಂ ಮೊಳಕೆಯನ್ನು ತಡೆಯುತ್ತದೆ. ಆದರೆ ಮಳೆಗಾಲದಲ್ಲಿ ಅದು ಒತ್ತಾಗಿ ಎದ್ದು ನೆರಳು ಹಾಕಿ ಜಾಗ ಹಿಡಿಯುವುದೂ ಅಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ. ರೈತನಿಗೆ ಎರಡೂ ಒಂದೇ ಲಾಭ. ಹೂಬಿಡುವ ಮುಂಚೆ ಕಿತ್ತ ಪಾರ್ಥೇನಿಯಂ ಅನ್ನು ಚೆನ್ನಾಗಿ ಕಾಂಪೋಸ್ಟ್ ಮಾಡಿದರೆ ವಿಷ ಒಡೆದುಹೋಗಿ ಒಳ್ಳೆಯ ಗೊಬ್ಬರವಾಗುವುದೂ ಇದೇ ತಿಳಿವಳಿಕೆಯ ಉಪಯೋಗ.

ನೀಲಗಿರಿಯದು ಬೇರೆಯೇ ಕಥೆ, ಕ್ಯಾಲಿಫೋರ್ನಿಯಾದ ಪಾಠ ನಮ್ಮ ಅಂಗಳಕ್ಕೆ ಬಂದಂತೆ. 1980ರ ದಶಕದಲ್ಲಿ ಕೋಲಾರ, ತುಮಕೂರು ಸೀಮೆಯಲ್ಲಿ ರಾಗಿ ಹೊಲಗಳೆಲ್ಲ ನೀಲಗಿರಿ ತೋಪುಗಳಾದಾಗ ರೈತರು ಸಸಿಮಡಿಗಳಿಗೇ ನುಗ್ಗಿ ಸಸಿ ಕಿತ್ತೆಸೆದ ಪ್ರತಿಭಟನೆಗಳು ನಡೆದವು. ಆಗಿನ ವಾದದಲ್ಲಿ ನೀಲಗಿರಿ ನೆಲಕ್ಕೆ ವಿಷ ಹಾಕುತ್ತದೆ ಎನ್ನುವುದೂ ಒಂದು. ಎಲೆಯಲ್ಲಿ ಸಿನಿಯೋಲ್, ಫೀನಾಲುಗಳು ಇರುವುದು ನಿಜ, ತಟ್ಟೆಯ ಪ್ರಯೋಗದಲ್ಲಿ ಅವು ಮೊಳಕೆ ತಡೆಯುವುದೂ ನಿಜ. ಆದರೆ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ನಮ್ಮ ಸಂಶೋಧಕರು ಹೊಸಕೋಟೆಯ ಆಳಮಣ್ಣಿನ ತೋಪಿನಲ್ಲಿ ಅಳೆದಾಗ, ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರು ಖರ್ಚು ಮಾಡುತ್ತಿದ್ದವು. ಬೇರು ಆಳಕ್ಕಿಳಿದು ಹಿಂದಿನ ವರ್ಷಗಳ ತೇವವನ್ನೂ ಎಳೆಯುತ್ತಿತ್ತು. ಅಂಚಿನ ಸಾಲಿನ ರಾಗಿ ಒಣಗಲು ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ವಿಷದ ವಾದ ಗಟ್ಟಿಯಾಗಿ ಕೇಳಿದ್ದರಿಂದ ನೀರಿನ ಲೆಕ್ಕ ಹಿಂದೆ ಬಿತ್ತು ಎಂಬುದು ನನ್ನ ಬೇಸರ. ರೈತರ ಸಿಟ್ಟಿಗೆ ನೀರಿನ ಲೆಕ್ಕವೇ ಹೆಚ್ಚು ಗಟ್ಟಿಯಾದ ಆಸರೆಯಾಗುತ್ತಿತ್ತು.

ವಿಷ ನೆರೆಗಿಡಕ್ಕಷ್ಟೇ ತಟ್ಟುವುದಿಲ್ಲ. ಗಿಡ ತನ್ನ ವಿಷವನ್ನು ತಾನೇ ದಾಟಬೇಕಾಗುವುದಕ್ಕೆ ಕಾಫಿ ಬೀಜ ಒಳ್ಳೆಯ ಉದಾಹರಣೆ. ಕೆಫೀನ್ ಮೊಳಕೆಯ ಕೋಶವಿಭಜನೆಯನ್ನು ತಡೆಯುತ್ತದೆ, ಬೀಜದ ತುಂಬ ಅದೇ ಇದೆ. 1983ರಲ್ಲಿ ಫ್ರೀಡ್‌ಮನ್ ಮತ್ತು ವಾಲರ್ ವಿವರಿಸಿದಂತೆ ಕಾಫಿಯ ಮೊಳಕೆ ಮೊದಲು ಕಾಂಡವನ್ನು ಉದ್ದ ಮಾಡಿ ಬೇರಿನ ತುದಿಯನ್ನು ಬೀಜದಿಂದ ದೂರ ತಳ್ಳುತ್ತದೆ, ಬೇರಿನ ಕೋಶಗಳು ಒಡೆದು ಬೆಳೆಯತೊಡಗುವುದು ಆಮೇಲೆ.

ತಡೆಯುವ ರಸಾಯನದಷ್ಟೇ ಕರೆಯುವ ರಸಾಯನವೂ ಇದೆ. ಜೋಳದ ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜ ಧೂಳಿನಷ್ಟು ಸಣ್ಣದು. ಮೊಳೆತ ಮೇಲೆ ಕೆಲವೇ ದಿನದಲ್ಲಿ ಆಶ್ರಯದ ಬೇರು ಸಿಗದಿದ್ದರೆ ಅದು ಸಾಯಬೇಕು. ಹೀಗಾಗಿ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಹತ್ತಿರ ಬೇರೊಂದು ಬಂದಿದೆ ಎಂಬ ಸುಳಿವು ಸಿಕ್ಕ ಮೇಲೆಯೇ ಏಳುತ್ತದೆ. ಆ ಸುಳಿವು ಯಾವ ವಸ್ತುವೆಂದು ಮೊದಲು ಗೊತ್ತಾದದ್ದು 1966ರಲ್ಲಿ, ಹತ್ತಿಯ ಬೇರಿನಿಂದ. ಅಚ್ಚರಿಯೆಂದರೆ ಹತ್ತಿ ಸ್ಟ್ರೈಗಾಕ್ಕೆ ಆಶ್ರಯ ಕೊಡುವ ಗಿಡವೇ ಅಲ್ಲ. ಈ ವಸ್ತುಗಳನ್ನು, ಅಂದರೆ ಸ್ಟ್ರೈಗೊಲ್ಯಾಕ್ಟೋನ್‌ಗಳನ್ನು, ಗಿಡಗಳು ಏಕೆ ಬಿಡುತ್ತವೆ ಎಂಬುದು ನಾಲ್ಕು ದಶಕ ಬಿಡಿಸಲಾಗದ ಒಗಟಾಗಿತ್ತು. 2005ರಲ್ಲಿ ಜಪಾನಿನ ಅಕಿಯಾಮ ಮತ್ತು ಸಂಗಡಿಗರು ಉತ್ತರ ಕಂಡುಕೊಂಡರು. ಗಿಡ ಕರೆಯುತ್ತಿದ್ದದ್ದು ತನಗೆ ರಂಜಕ ತಂದುಕೊಡುವ ಶಿಲೀಂಧ್ರವನ್ನು. ಆ ಕರೆಯನ್ನು ಕದ್ದು ಕೇಳುವುದನ್ನು ಪರಾವಲಂಬಿ ಕಲಿತುಬಿಟ್ಟಿತ್ತು. 2008ರಲ್ಲಿ ಅದೇ ವಸ್ತು ಗಿಡದೊಳಗೆ ಕವಲೊಡೆಯುವುದನ್ನು ನಿಯಂತ್ರಿಸುವ ಹಾರ್ಮೋನ್ ಎಂಬುದೂ ಗೊತ್ತಾಯಿತು.

ಈ ತಿಳಿವಳಿಕೆ ನೇರವಾಗಿ ಹೊಲಕ್ಕೆ ಇಳಿದಿದೆ. ಹತ್ತಿಯಂಥ ಬೆಳೆ ಹಾಕಿ ಸ್ಟ್ರೈಗಾ ಬೀಜವನ್ನು ಸುಮ್ಮನೆ ಎಬ್ಬಿಸಿ ಸಾಯಿಸಬಹುದು. ಅಮೆರಿಕದ ಕ್ಯಾರೊಲಿನಾ ರಾಜ್ಯಗಳಲ್ಲಿ 1950ರ ದಶಕದಲ್ಲಿ ಕಂಡ ಸ್ಟ್ರೈಗಾವನ್ನು ಅಟ್ಟಲು ಮಣ್ಣಿನೊಳಕ್ಕೆ ಊದಿದ್ದು ಎಥಿಲೀನ್, ಮೋಲಿಷ್ ನೋಡಿದ ಸೇಬಿನ ಅದೇ ಅನಿಲ. ಇಥಿಯೋಪಿಯಾದಲ್ಲಿ ಹುಟ್ಟಿದ ಗೆಬಿಸಾ ಎಜೆಟಾ ಸ್ಟ್ರೈಗಾ ತಡೆಯುವ ಜೋಳದ ತಳಿಗಳನ್ನು ರೂಪಿಸಿ 2009ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಆ ಜೋಳಗಳ ಬೇರು ಒಸರುವ ಸ್ಟ್ರೈಗೊಲ್ಯಾಕ್ಟೋನ್‌ನ ಬಗೆಯೇ ಬೇರೆ, ಸ್ಟ್ರೈಗಾಕ್ಕೆ ಅದು ಸರಿಯಾಗಿ ಕೇಳಿಸುವುದಿಲ್ಲ ಎಂದು 2017ರಲ್ಲಿ ತಿಳಿಯಿತು. ಕೆನ್ಯಾದಲ್ಲಿ ಭಾರತೀಯ ಮೂಲದ ವಿಜ್ಞಾನಿ ಜಿಯಾವುರ್ ಖಾನ್ ಮತ್ತು ಸಂಗಡಿಗರು ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಹಾಕಿ ಸ್ಟ್ರೈಗಾ ತಗ್ಗಿಸಿದ ಪದ್ಧತಿಯನ್ನು ಸಾವಿರಾರು ಸಣ್ಣ ರೈತರು ಅನುಸರಿಸುತ್ತಿದ್ದಾರೆ.

ಕಂಪನಿಗಳಿಗೂ ಇದರಲ್ಲಿ ಪಾಲಿದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರಸಾಯನ ತಜ್ಞರು ಬಾಟಲ್ ಬ್ರಷ್ ಗಿಡದ ಕೆಳಗೆ ಕಳೆ ಕಡಿಮೆ ಎಂದು ಗಮನಿಸಿದರು. ಮಣ್ಣಿನಿಂದ ಸಿಕ್ಕ ಲೆಪ್ಟೊಸ್ಪರ್ಮೋನ್ ಎಂಬ ವಸ್ತುವನ್ನು ಮಾದರಿಯಾಗಿಟ್ಟುಕೊಂಡು ವರ್ಷಗಳ ನಂತರ ಬಂದದ್ದು ಮೆಸೊಟ್ರಯೋನ್, ಮೆಕ್ಕೆಜೋಳದ ಹೊಲದಲ್ಲಿ ಎಲೆಯನ್ನು ಬಿಳಿಚಿಸಿ ಕಳೆ ಕೊಲ್ಲುವ ಔಷಧ. ಬೆಂಗಳೂರಿನ ಎಷ್ಟೋ ಉದ್ಯಾನಗಳಲ್ಲಿ ಕೆಂಪು ಹೂ ಬಿಟ್ಟು ನಿಂತಿರುವ ಗಿಡವೇ ಈ ಬಾಟಲ್ ಬ್ರಷ್.

ತನ್ನ ಹೊಲದ ಮರದ ಮೇಲೆ ಅನುಮಾನವಿರುವ ರೈತನಿಗೆ ಈ ಎಲ್ಲ ಪಾಠಗಳಿಂದ ಒಂದು ಸುಲಭ ಪರೀಕ್ಷೆ ಹುಟ್ಟುತ್ತದೆ. ಮರದಡಿಯ ಮಣ್ಣನ್ನು ಎರಡು ಕುಂಡಗಳಲ್ಲೂ, ದೂರದ ಮಣ್ಣನ್ನು ಇನ್ನೊಂದರಲ್ಲೂ ತುಂಬಿ, ಒಂದೇ ಬಿಸಿಲಿನಲ್ಲಿಟ್ಟು, ಒಂದೇ ಅಳತೆ ನೀರು ಹಾಕಿ ರಾಗಿ ಬಿತ್ತಬೇಕು. ಮರದಡಿಯ ಮಣ್ಣಿನ ಒಂದು ಕುಂಡಕ್ಕೆ ಮಾತ್ರ ಗೊಬ್ಬರ ಹೆಚ್ಚು ಕೊಡಬೇಕು. ಮೂರೂ ಒಂದೇ ರೀತಿ ಬೆಳೆದರೆ ಹೊಲದಲ್ಲಿ ಕಾಡುತ್ತಿರುವುದು ನೆರಳು ಅಥವಾ ನೀರು. ಮರದಡಿಯ ಮಣ್ಣಿನ ರಾಗಿ ಗೊಬ್ಬರ ಬಿದ್ದಲ್ಲಿ ಮಾತ್ರ ಚೇತರಿಸಿಕೊಂಡರೆ ಮಣ್ಣು ಬಡವಾಗಿದೆ. ಗೊಬ್ಬರ ಕೊಟ್ಟರೂ ಮೊಳಕೆ ಸೊರಗಿದರೆ ಮಾತ್ರ ಆ ಮಣ್ಣನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ರಸಾಯನದ ಮಾತೆತ್ತಬೇಕು.